ಮೊದಲು ಪೆನ್ಸಿಲ್, ಆಮೇಲೆ ಪೆನ್ನು

ಹೋದ ವಾರ ಯಲಬುರ್ಗಾದಿಂದ ನನ್ನ ಹಳೆಯ ವಿದ್ಯಾರ್ಥಿ ಬಸವರಾಜ ಮನೆಗೆ ಬಂದಿದ್ದ. ಕೈಯಲ್ಲಿ ಪೇಡೆಯ ಡಬ್ಬಿ, ಮುಖದ ತುಂಬ ಹಿಗ್ಗು. ಸಂಶೋಧನಾ ಅನುದಾನದ ಅರ್ಜಿಗಳನ್ನು ಪರಿಶೀಲಿಸುವ ಸಮಿತಿಗೆ ಅವನನ್ನು ಸದಸ್ಯನನ್ನಾಗಿ ನೇಮಿಸಿದ್ದಾರಂತೆ. ನಾನು ಹಲವು ವರ್ಷ ಕೂತು ಎದ್ದು ಬಂದ ಸಮಿತಿ ಅದು.

“ಸರ್, ನೀವು ಭಾಳ ವರ್ಷ ಮಾಡೀರಿ. ಅರ್ಜಿ ಹೆಂಗ ನೋಡ್ಬೇಕು, ಮಾರ್ಕ್ಸ್ ಹೆಂಗ ಹಾಕ್ಬೇಕು, ಒಂದೀಟು ಹೇಳಿಕೊಡ್ರಿ,” ಎಂದ.

“ಹೋಗೂಮುಂದ ಒಂದು ಪೆನ್ನು ತಗೊಂಡು ಹೋಗು. ಪೆನ್ಸಿಲ್ ಮನ್ಯಾಗ ಬಿಟ್ಟು ಹೋಗು,” ಎಂದೆ.

ಅವನು ನಕ್ಕ. ಮುದುಕ ಚೇಷ್ಟೆ ಮಾಡುತ್ತಾನೆ ಅಂದುಕೊಂಡನೋ ಏನೋ. ಚಹಾ ಕುಡಿದು, ಕಾಲಿಗೆ ನಮಸ್ಕರಿಸಿ ಹೋದ. ಪೇಡೆ ಇನ್ನೂ ಹಾಗೇ ಇದೆ, ನನಗೆ ತಿನ್ನುವ ಮನಸ್ಸಾಗಲಿಲ್ಲ. ಬಾಯಿ ಮಾತಿನಲ್ಲಿ ಹೇಳಲು ಆಗದ್ದನ್ನು ಬರೆದಾದರೂ ಕೊಡೋಣ ಎಂದು ಕೂತಿದ್ದೇನೆ. ಬಸವರಾಜನಿಗೆ ಬರೆದದ್ದು. ಅವನಂಥ ಬೇರೆಯವರೂ ಓದಿದರೆ ಅಡ್ಡಿಯಿಲ್ಲ.

ನಾನು ಗವಿಸಿದ್ದಪ್ಪ, ಕೊಪ್ಪಳದ ಒಂದು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು. ನಮ್ಮ ಭಾಗದ ಕಾಲೇಜುಗಳ ಅಧ್ಯಾಪಕರಿಗೆ ಸಣ್ಣಪುಟ್ಟ ಸಂಶೋಧನೆಗೆ ನೆರವು ಕೊಡುವ ನಿಧಿಯೊಂದಿತ್ತು, ಈಗಲೂ ಇದೆ. ಹೆಸರು ಬೇಡ. ಅರ್ಜಿಗಳನ್ನು ನೋಡಲು ಐದು ಜನರ ಸಮಿತಿ. ಅದಕ್ಕೊಬ್ಬರು ಅಧ್ಯಕ್ಷರು. ಅವರನ್ನು ನಾವೆಲ್ಲ ‘ದೊಡ್ಡ ಸರ್’ ಎನ್ನುತ್ತಿದ್ದೆವು. ಎತ್ತರದ ಆಳು, ಹಸನ್ಮುಖಿ, ಯಾರಿಗೂ ಒಂದು ಗಡಸು ಮಾತು ಆಡಿದವರಲ್ಲ. ಕೆಟ್ಟವರು ಬೈಯುತ್ತಾರೆ ಎಂದು ನಾನು ನಂಬಿದ್ದ ಕಾಲವದು. ಅದಕ್ಕೇ ಅವರನ್ನು ಗುರುತಿಸಲು ನನಗೆ ಅಷ್ಟು ವರ್ಷ ಹಿಡಿಯಿತು.

ವರ್ಷಕ್ಕೊಮ್ಮೆ ಕೊಪ್ಪಳದಲ್ಲಿ ಸಭೆ. ಉದ್ದನೆಯ ಕೋಣೆ, ಉದ್ದನೆಯ ಮೇಜು. ಅರ್ಜಿಗಳು ಕೆಂಪು ಬಟ್ಟೆಯ ಗಂಟಿನಲ್ಲಿ ಬರುತ್ತಿದ್ದವು. ಗಂಟಿನ ಹಿಂದೆ ಕಚೇರಿಯ ಸೂಪರಿಂಟೆಂಡೆಂಟ್ ಮೌಲಾಸಾಬರು. ಅರ್ಜಿದಾರರ ಹೆಸರು ನಮಗೆ ತಿಳಿಯಬಾರದು ಎಂಬುದು ನಿಯಮ. ಹಾಗಾಗಿ ಮೌಲಾಸಾಬರು ಹಿಂದಿನ ದಿನವೆಲ್ಲ ಕೂತು ಪ್ರತಿ ಹೆಸರಿನ ಮೇಲೂ ಬಿಳಿ ಕಾಗದದ ಚೀಟಿ ಅಂಟಿಸಿ, ಮೇಲೊಂದು ನಂಬರು ಬರೆಯುತ್ತಿದ್ದರು.

“ಹೆಸರು ಮುಚ್ಚೀನ್ರಿ ಸರ್. ಊರು ಮುಚ್ಚಾಕ ಹೋದ್ರ ಅರ್ಜಿಯಾಗ ಏನೂ ಉಳಿಯಂಗಿಲ್ರಿ,” ಎಂದು ಅವರು ಒಮ್ಮೆ ಅಂದಿದ್ದರು.

ನಮ್ಮ ಕಡೆ ಊರು ಗೊತ್ತಾದರೆ ಸಾಕು, ಕಾಲೇಜು ಗೊತ್ತಾಗುತ್ತದೆ. ಕಾಲೇಜು ಗೊತ್ತಾದರೆ ಮನೆತನ, ಸೋದರಮಾವ, ಬೀಗರು ಎಲ್ಲ ಗೊತ್ತಾಗುತ್ತಾರೆ. “ನಂಬರ್ ಹನ್ನೊಂದು ಕುಷ್ಟಗಿದೇನ್ರಿ? ಹಂಗಾರ ಅವ್ರ ಅಳಿಯಂದಿರಬೇಕು ನೋಡ್ರಿ,” ಎಂದು ಒಬ್ಬರು ಅನ್ನುವುದು, ಉಳಿದವರು ಕೇಳಿಸದವರಂತೆ ತಲೆ ಬಗ್ಗಿಸುವುದು. ನಾನು ಮಾತ್ರ ಯಾವತ್ತೂ ಯಾರ ಹೆಸರನ್ನೂ ಕೇಳಲಿಲ್ಲ. ಇದನ್ನು ಬಹಳ ದೊಡ್ಡ ಗುಣ ಎಂದು ಎದೆಯುಬ್ಬಿಸಿಕೊಂಡು ತಿರುಗಿದೆ.

ಇನ್ನು ಪೆನ್ಸಿಲ್ಲಿನ ವಿಷಯ. ಪ್ರತಿ ಸದಸ್ಯನ ಮುಂದೆ ಮೌಲಾಸಾಬರು ಒಂದು ಪೆನ್ಸಿಲ್, ಒಂದು ರಬ್ಬರ್, ಒಂದು ಪೆನ್ನು ಇಡುತ್ತಿದ್ದರು. ಬೆಳಿಗ್ಗೆ ಅರ್ಜಿ ಓದಿ ಅಂಕಪಟ್ಟಿಯಲ್ಲಿ ಪೆನ್ಸಿಲ್ಲಿನಿಂದ ಅಂಕ ಹಾಕಬೇಕು. ಆಮೇಲೆ ಮಿರ್ಚಿ, ಮಂಡಕ್ಕಿ, ಚಹಾ ಬರುತ್ತಿತ್ತು. ಚಹಾದ ಹೊತ್ತಿನಲ್ಲಿ ದೊಡ್ಡ ಸರ್ ಮಾತಾಡುತ್ತಿದ್ದರು, ಬರೀ ಮಾತು, ಆಜ್ಞೆಯಲ್ಲ. “ಆ ಇಪ್ಪತ್ತನೇ ನಂಬರು ಪಾಪ ಛಲೋ ಬರ್ದಾನ್ರಿ,” “ಏಳನೇದು ಯಾಕೋ ತೆಳ್ಳಗಾತು ನೋಡ್ರಿ.” ಇಷ್ಟೇ. ಚಹಾ ಮುಗಿದ ಮೇಲೆ ಎಲ್ಲರೂ ರಬ್ಬರ್ ಹಿಡಿಯುತ್ತಿದ್ದೆವು. ಇಪ್ಪತ್ತನೆಯದು ಏರುತ್ತಿತ್ತು, ಏಳನೆಯದು ಇಳಿಯುತ್ತಿತ್ತು. ಇದಕ್ಕೆ ನಾವಿಟ್ಟ ಹೆಸರು ‘ಅಂಕ ಹದ ಮಾಡುವುದು’. ಹದವಾದ ಮೇಲೆ ಪೆನ್ನು. ಮೇಜಿನ ಮೇಲೆ ಉಳಿಯುತ್ತಿದ್ದ ರಬ್ಬರಿನ ಪುಡಿಯನ್ನು ಜವಾನ ಮಂಡಕ್ಕಿಯ ಜೊತೆ ಗುಡಿಸಿ ಒಯ್ಯುತ್ತಿದ್ದ.

ಅರ್ಜಿಗಳ ಗುಣಮಟ್ಟ ಏನು ಹೇಳಲಿ! ಕೆಲವು ವರ್ಷ ಅರ್ಧಕ್ಕರ್ಧ ಅರ್ಜಿಗಳು ಒಂದೇ ಡಿಟಿಪಿ ಅಂಗಡಿಯಲ್ಲಿ ಹುಟ್ಟಿದವು. ಒಂದೇ ಮುನ್ನುಡಿ, ಒಂದೇ ಉದ್ದೇಶ, ಊರಿನ ಹೆಸರು ಮಾತ್ರ ಬೇರೆ. ಯಲಬುರ್ಗಾದ ಕುರಿಗಳ ರೋಗದ ಬಗೆಗಿನ ಅರ್ಜಿಯೊಂದರಲ್ಲಿ ‘ಈ ಅಧ್ಯಯನದಿಂದ ಸಮುದ್ರತೀರದ ಮೀನುಗಾರರ ಬದುಕು ಹಸನಾಗುವುದು’ ಎಂದಿತ್ತು. ನಾನು ಗಟ್ಟಿಯಾಗಿ ಓದಿದೆ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕ ಮೇಲೆ ನೋಡಿದರೆ ನನ್ನನ್ನು ಬಿಟ್ಟು ನಾಲ್ವರೂ ಅದಕ್ಕೆ ಎಪ್ಪತ್ತರ ಮೇಲೆ ಹಾಕಿದ್ದರು. ಮೂರನೇ ಪುಟ ದಾಟಿ ಯಾರೂ ಓದಿರಲಿಲ್ಲ. ನಾನು ಓದಿದ್ದೆನಲ್ಲ, ಏನು ಮಾಡಿದೆ? ಚಹಾ ಆದ ಮೇಲೆ ನನ್ನ ಮೂವತ್ತನ್ನು ಅಳಿಸಿ ಅರವತ್ತೈದು ಮಾಡಿದೆ. ಕುರಿಗಳ ಅಧ್ಯಯನಕ್ಕೆ ನೆರವು ಸಿಕ್ಕಿತು. ಮೀನುಗಾರರ ಬದುಕು ಹಸನಾಯಿತೋ ಇಲ್ಲವೋ ಆ ಶಿವನಿಗೇ ಗೊತ್ತು.

ನಾನೇ ಎಡವಿದ ಕಥೆಯೂ ಇದೆ, ಮುಚ್ಚಿಡುವುದಿಲ್ಲ. ಹನುಮಸಾಗರದ ಸುತ್ತಲಿನ ತೆರೆದ ಬಾವಿಗಳ ನೀರಿನ ಬಗ್ಗೆ ಒಂದು ಅರ್ಜಿ ಬಂದಿತ್ತು. ಎಂಥ ನಕ್ಷೆಗಳು, ಎಂಥ ಬಣ್ಣ! ಬಾವಿಯೊಂದಕ್ಕೆ ಒಂದರಂತೆ ಚುಕ್ಕೆ. ರಸಾಯನಶಾಸ್ತ್ರದವನಾದ ನನಗೆ ನೀರಿನ ಲವಣದ ಪಟ್ಟಿ ನೋಡಿಯೇ ಬಾಯಲ್ಲಿ ನೀರೂರಿತು. ಎಲ್ಲರಿಗಿಂತ ಹೆಚ್ಚು ಅಂಕ ನನ್ನದೇ. ವರ್ಷದ ನಂತರ ಕೆಲಸ ನೋಡಲು ನನ್ನನ್ನೇ ಕಳಿಸಿದರು. ನಕ್ಷೆ ಹಿಡಿದುಕೊಂಡು ಹೊಲದಿಂದ ಹೊಲಕ್ಕೆ ಅಲೆದೆ. ಒಂದು ಬದುವಿನ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಿದ್ದ ಹಿರಿಯರೊಬ್ಬರು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಈ ಚುಕ್ಕಿ ಅದಾವಲ್ರಿ, ಇವು ಬಾವೇನ್ರಿ?”

“ಹೌದ್ರಿ ಯಜಮಾನ್ರ.”

“ಇಲ್ಲಿ ಬಾವಿ ಯಾಕ ತೋಡ್ತಾರ್ರಿ? ಕೆಳಗ ಬರೇ ಬಂಡಿಗಲ್ಲು ಐತಿ. ನಮ್ಮ ಮುತ್ಯಾನ ಕಾಲದಾಗೂ ಇಲ್ಲಿ ಬಾವಿ ಇದ್ದಿಲ್ಲ. ಬರ್ರಿ, ಬಿಸಲಾಗ ಅಡ್ಡಾಡೀರಿ, ಒಂದು ರೊಟ್ಟಿ ತಿನ್ರಿ.”

ರೊಟ್ಟಿ ತಿಂದೆ. ನಕ್ಷೆ ಮಡಚಿ ಚೀಲದೊಳಗಿಟ್ಟೆ. ಬಾವಿಯ ನಕ್ಷೆ ಯಾವುದೋ ಬೇರೆ ಜಿಲ್ಲೆಯದು. ನಾನು ವರದಿ ಬರೆದುಕೊಟ್ಟೆ. ದೊಡ್ಡ ಸರ್ ಓದಿ, ನನ್ನ ಬೆನ್ನ ಮೇಲೆ ಕೈಯಿಟ್ಟು, “ಗವಿಸಿದ್ದಪ್ಪ, ಹೆಚ್ಚು ಅಂಕ ಹಾಕಿದ್ದು ನೀವಽ ಅಲ್ರಿ? ಈ ಕಾಗದ ಹೊರಗ ಹೋದ್ರ ಮೊದಲು ಯಾರ ಹೆಸರು ಬರ್ತೈತಿ?” ಎಂದರು. ಎಷ್ಟು ಮೃದುವಾಗಿ ಕೇಳಿದರೆಂದರೆ, ಇವರು ನನ್ನ ಮಾನ ಉಳಿಸುತ್ತಿದ್ದಾರೆ ಎನ್ನಿಸಿತು. ವರದಿ ಅವರ ಮೇಜಿನ ಡ್ರಾಯರ್ ಸೇರಿತು. ಅವತ್ತಿನಿಂದ ನನ್ನ ಜುಟ್ಟು ಅವರ ಕೈಯಲ್ಲಿತ್ತು. ನನಗೆ ಅದು ಗೊತ್ತಿತ್ತು.

ಇದಾದ ಮೇಲೆ ಗಂಗಾವತಿಯ ಒಬ್ಬ ಅರ್ಜಿದಾರ ಹೇಗೋ ತನ್ನ ಅಂಕಪಟ್ಟಿ ನೋಡಿಬಿಟ್ಟ. ಪೆನ್ನಿನ ಅಂಕಿಯ ಕೆಳಗೆ ಪೆನ್ಸಿಲ್ಲಿನ ಗೆರೆ ಕಾಣುತ್ತಿತ್ತಂತೆ. ನೇರವಾಗಿ ಸಭೆಗೇ ನುಗ್ಗಿದ. “ಎಪ್ಪತ್ನಾಲ್ಕು ಇದ್ದಿದ್ದು ಐವತ್ತು ಆಗೈತಲ್ರಿ, ರಬ್ಬರ್ ಯಾರ ಕೈಯಾಗಿತ್ತು ಹೇಳ್ರಿ!” ಎಂದು ಮೇಜು ಗುದ್ದಿದ. ಮೌಲಾಸಾಬರು ಅವನನ್ನು ಸಮಾಧಾನ ಮಾಡಿ ಹೊರಗೆ ಕರೆದುಕೊಂಡು ಹೋದರು. ನಾವು ಐದೂ ಜನ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

“ಇದಕ್ಕೊಂದು ನಿಯಮ ಬೇಕು. ಗವಿಸಿದ್ದಪ್ಪನವರ ಭಾಷಾ ಭಾಳ ಛಲೋ ಐತಿ, ಅವ್ರಽ ಬರೀಲಿ,” ಎಂದರು ದೊಡ್ಡ ಸರ್.

ಪೆನ್ಸಿಲ್ ಬಿಟ್ಟುಬಿಡೋಣ ಎಂದು ನಾನು ಹೇಳಬಹುದಿತ್ತು. ಹೊಗಳಿಕೆಗೆ ಉಬ್ಬಿಹೋಗಿದ್ದೆ. ಅಲ್ಲೇ ಕೂತು, ಎರಡು ಸಲ ತಿದ್ದಿ, ಬರೆದೆ: ‘ಚರ್ಚೆಗೆ ಮುನ್ನ ಸದಸ್ಯರು ಪೆನ್ಸಿಲ್ಲಿನಲ್ಲಿ ಮಾಡಿಕೊಂಡ ಯಾವುದೇ ಗುರುತು ಅವರ ಖಾಸಗಿ ಟಿಪ್ಪಣಿಯಾಗಿದ್ದು, ಅದನ್ನು ದಾಖಲೆಯ ಭಾಗವೆಂದು ಯಾವ ಸಂದರ್ಭದಲ್ಲಿಯೂ ಪರಿಗಣಿಸತಕ್ಕದ್ದಲ್ಲ.’ ‘ಯಾವ ಸಂದರ್ಭದಲ್ಲಿಯೂ’ ಎಂಬುದನ್ನು ನಾನು ಎರಡನೇ ಸಲ ತಿದ್ದುವಾಗ ಸೇರಿಸಿದ್ದು. ಎಲ್ಲರೂ ಭೇಷ್ ಎಂದರು. ಮನೆಗೆ ಬಂದು ಹೆಂಡತಿಗೂ ಓದಿ ಹೇಳಿದೆ. “ತಪ್ಪು ಮಾಡಾಕ ಮೊದಲಽ ಜಾಮೀನು ತಗೊಂಡಂಗಾತಲ್ರಿ,” ಎಂದಳು ಅವಳು. ಹೆಂಗಸರಿಗೆ ಕಚೇರಿಯ ಕೆಲಸ ತಿಳಿಯುವುದಿಲ್ಲ ಎಂದು ಗದರಿದೆ.

ಈಗ ಆ ಅರ್ಜಿಗೆ ಬರುತ್ತೇನೆ. ಅದಕ್ಕಾಗಿಯೇ ಇಷ್ಟೆಲ್ಲ ಬರೆದದ್ದು.

ನಿವೃತ್ತಿಗೆ ಕೆಲವೇ ವರ್ಷ ಉಳಿದಿದ್ದವು. ಅವತ್ತಿನ ಗಂಟಿನಲ್ಲಿ ಹದಿನೇಳನೇ ನಂಬರಿನ ಅರ್ಜಿ. ಡಿಟಿಪಿ ಅಂಗಡಿಯದಲ್ಲ. ಯಾರೋ ತಾವೇ ಟೈಪು ಮಾಡಿದ್ದು, ಅಂಚುಗಳು ಸರಿಯಿಲ್ಲ, ನಕ್ಷೆಯನ್ನು ಕೈಯಲ್ಲಿ ಬಿಡಿಸಿದ್ದರು. ವಿಷಯ ಗಂಗಾವತಿ ಕಡೆಯ ಕಾಲುವೆ ಸೀಮೆಯ ಸವಳು ಭೂಮಿ. ಗದ್ದೆಗೆ ವರ್ಷಗಟ್ಟಲೆ ನೀರು ನಿಲ್ಲಿಸಿ ನಿಲ್ಲಿಸಿ ಮಣ್ಣಿನಲ್ಲಿ ಉಪ್ಪೇರಿ ನೆಲ ಸವಳಾಗುವುದನ್ನು ಆ ಕಡೆಯವರೆಲ್ಲ ಬಲ್ಲರು. ಬಿಳಿ ಉಪ್ಪು ಮೇಲೆ ಕಾಣುವ ಹೊತ್ತಿಗೆ ಹೊಲ ಕೈಬಿಟ್ಟಿರುತ್ತದೆ. ಅರ್ಜಿಯಲ್ಲಿ ಹೀಗಿತ್ತು: ಗದ್ದೆಯಲ್ಲಿ ನಾಟಿ ಮಾಡುವ, ಕಳೆ ಕೀಳುವ ಹೆಣ್ಣುಮಕ್ಕಳಿಗೆ ಉಪ್ಪು ಏರುತ್ತಿರುವುದು ಬಹಳ ಮೊದಲೇ ಕಾಲಿನಿಂದ ತಿಳಿಯುತ್ತದೆ. ಒಳ್ಳೆಯ ಮಣ್ಣಿನಲ್ಲಿ ಇಡೀ ದಿನ ನಿಂತರೆ ಪಾದ ಮೆತ್ತಗಾಗುತ್ತದೆ, ಸವಳು ಹಿಡಿಯುತ್ತಿರುವ ಮಣ್ಣಿನಲ್ಲಿ ಹಿಮ್ಮಡಿ ಬೇರೆ ರೀತಿಯಲ್ಲಿ ಒಡೆಯುತ್ತದೆ, ಬೆರಳ ಸಂದಿನಲ್ಲಿ ತುರಿಕೆ ಏಳುತ್ತದೆ. ಯಾವ ಗದ್ದೆಗೆ ಇಳಿಯಲು ಅವರು ಹೆಚ್ಚು ಕೂಲಿ ಕೇಳುತ್ತಾರೋ ಆ ಗದ್ದೆ ಕೆಡುತ್ತಿದೆ ಎಂದೇ ಅರ್ಥ. ಇದು ನಿಜವೇ ಎಂದು ಪರೀಕ್ಷಿಸಬೇಕು.

ಪರೀಕ್ಷೆಯ ಕ್ರಮ ಇನ್ನೂ ಚೆನ್ನಾಗಿತ್ತು. ಮೊದಲು ಹೆಣ್ಣುಮಕ್ಕಳಿಂದ ಗದ್ದೆಗಳನ್ನು ಒಳ್ಳೆಯದರಿಂದ ಕೆಟ್ಟದ್ದರವರೆಗೆ ಸಾಲಾಗಿ ಹೇಳಿಸುವುದು. ಆಮೇಲೆ ಅದೇ ಗದ್ದೆಗಳ ಮಣ್ಣನ್ನು, ಆ ಸಾಲು ಗೊತ್ತಿಲ್ಲದ ಬೇರೊಬ್ಬರಿಂದ ಪ್ರಯೋಗಾಲಯದಲ್ಲಿ ಅಳೆಸುವುದು. ಎರಡೂ ಹೊಂದುತ್ತವೆಯೇ ನೋಡುವುದು. ಮೂರು ವರ್ಷ ಹೀಗೇ ಮಾಡುವುದು. ಹೊಂದದಿದ್ದರೆ ಹೊಂದಲಿಲ್ಲವೆಂದೇ ಬರೆಯುವುದು. ಈ ಕೊನೆಯ ಮಾತನ್ನು ಅಷ್ಟು ವರ್ಷಗಳಲ್ಲಿ ಬೇರೆ ಯಾವ ಅರ್ಜಿಯಲ್ಲೂ ನಾನು ಓದಿರಲಿಲ್ಲ.

ಬಸವರಾಜ, ಅರ್ಜಿ ಹೇಗೆ ನೋಡಬೇಕು ಎಂದು ಕೇಳಿದೆಯಲ್ಲ, ಒಳ್ಳೆಯ ಅರ್ಜಿ ಅಂದರೆ ಇದು. ಪ್ರಶ್ನೆ ಒಂದೇ ಇರಬೇಕು, ಅದಕ್ಕೆ ಉತ್ತರ ಹುಡುಕುವ ದಾರಿ ಕಾಣಬೇಕು, ಬರೆದವರು ತಾವು ತಪ್ಪಾಗಬಹುದು ಎಂದು ಒಪ್ಪಿಕೊಂಡಿರಬೇಕು. ನಾನು ಎರಡು ಸಲ ಓದಿದೆ. ಪೆನ್ಸಿಲ್ ಎತ್ತಿ ಎಂಬತ್ತೆರಡು ಎಂದು ಒತ್ತಿ ಬರೆದೆ.

ಮಿರ್ಚಿ ಬಂತು. ದೊಡ್ಡ ಸರ್ ಹದಿನೇಳನೆಯದನ್ನು ಕೈಯಲ್ಲಿ ಹಿಡಿದುಕೊಂಡು ಬಂದರು.

“ಇದೊಂದು ಓದೀರೇನ್ರಿ? ಕಾಲು ನೋಡಿ ಮಣ್ಣು ಹೇಳ್ತಾರಂತ! ನಾಳೆ ಕೈ ನೋಡಿ ಮಳಿ ಹೇಳ್ತಾರ.”

ಎಲ್ಲರೂ ನಕ್ಕರು. ಒಬ್ಬರು ತಮ್ಮ ಚಪ್ಪಲಿ ಕಳಚಿ, “ನೋಡ್ರಿ ಸರ್, ನನ್ನ ಹಿಮ್ಮಡಿ ಒಡದೈತಿ, ನಮ್ಮ ಆಫೀಸಿನ ನೆಲ ಸವಳು ಆಗೇತೇನ್ರಿ?” ಎಂದರು. ಮತ್ತೆ ನಗು. ನಾನೂ ನಕ್ಕೆ. ಯಾಕೆ ನಕ್ಕೆ? ನಗದಿದ್ದರೆ ‘ಇದು ಒಳ್ಳೆಯ ಅರ್ಜಿ’ ಎಂದು ಹೇಳಬೇಕಾಗುತ್ತಿತ್ತು. ಹೇಳಿದರೆ ಹನುಮಸಾಗರದ ಬಾವಿಗಳು ನೆನಪಾಗುತ್ತಿದ್ದವು.

“ಅರ್ಜಿದಾರರು ಅತಿಥಿ ಉಪನ್ಯಾಸಕರು ಅಂತ ಕಾಣ್ತೈತಿ. ಕಾಲೇಜಿನ್ಯಾಗ ಪ್ರಯೋಗಾಲಯನೂ ಇಲ್ಲ. ಸಂಸ್ಥೆಯ ಸೌಲಭ್ಯಕ್ಕ ಸೊನ್ನಿ ಹಾಕಬೇಕಾಗ್ತೈತಿ,” ಎಂದು ದೊಡ್ಡ ಸರ್ ಮುಗಿಸಿದರು.

ನಾನು ರಬ್ಬರ್ ತೆಗೆದುಕೊಂಡೆ. ಒತ್ತಿ ಬರೆದಿದ್ದರಿಂದ ಅಳಿಸುವುದೂ ಕಷ್ಟವಾಯಿತು. ಅದರ ಮೇಲೆ ಪೆನ್ನಿನಲ್ಲಿ ನಲವತ್ತೊಂದು ಎಂದು ಬರೆದೆ. ಷರಾ ಅಂಕಣದಲ್ಲಿ, ‘ವಿಧಾನ ಅವೈಜ್ಞಾನಿಕ’ ಎಂದೆ. ಹೇಸಿಗೆಯಾಗುತ್ತದೆ ಈಗ. ಅಷ್ಟು ವೈಜ್ಞಾನಿಕವಾದ ವಿಧಾನವನ್ನು ನಾನು ಆ ಕೋಣೆಯಲ್ಲಿ ಬೇರೆಲ್ಲೂ ನೋಡಿರಲಿಲ್ಲ. ಸಭೆ ಮುಗಿದಾಗ ದೊಡ್ಡ ಸರ್ ಆ ಅರ್ಜಿಯ ಒಂದು ಪ್ರತಿಯನ್ನು ತಮ್ಮ ಬ್ಯಾಗಿಗೆ ಹಾಕಿಕೊಂಡರು. “ಮನ್ಯಾಗ ಓದಿ ನಗಾಕ,” ಎಂದರು.

ಎರಡು ವರ್ಷದ ಮೇಲೆ ಇನ್ನೊಂದು ಅರ್ಜಿ ಬಂತು. ಹೊಳೆಯುವ ಕಾಗದ, ಸುರುಳಿ ಬೈಂಡಿಂಗ್. ‘ಲವಣೀಕರಣದ ಪೂರ್ವಸೂಚಕಗಳಾಗಿ ಮಹಿಳಾ ಕೃಷಿ ಕಾರ್ಮಿಕರ ಸ್ಪರ್ಶಜ್ಞಾನ’ ಎಂದು ಶೀರ್ಷಿಕೆ. ಒಳಗೆ ಅದೇ ಗದ್ದೆ, ಅದೇ ಹಿಮ್ಮಡಿ, ಅದೇ ಬೆರಳ ಸಂದಿನ ತುರಿಕೆ. ಹೆಚ್ಚು ಕೂಲಿ ಕೇಳುವ ಮಾತೂ ಇತ್ತು. ‘ಹೊಂದದಿದ್ದರೆ ಹೊಂದಲಿಲ್ಲವೆಂದೇ ಬರೆಯುವುದು’ ಎಂಬ ಒಂದು ಮಾತು ಮಾತ್ರ ಇರಲಿಲ್ಲ. ಚೀಟಿಯ ಕೆಳಗಿನ ಹೆಸರು ಯಾರದೆಂದು ಯಾರೂ ಕೇಳಬೇಕಾಗಲಿಲ್ಲ. ದೊಡ್ಡ ಸರ್ ಕೈಕೆಳಗೆ ಸಂಶೋಧನೆ ಮಾಡಿ ಈಗ ದೊಡ್ಡ ಹುದ್ದೆಯಲ್ಲಿದ್ದ ಪ್ರಾಧ್ಯಾಪಕರೊಬ್ಬರದು ಅದು.

ನಾನು ಮೌಲಾಸಾಬರ ಕಡೆ ನೋಡಿದೆ. ಅವರೂ ನನ್ನನ್ನೇ ನೋಡುತ್ತಿದ್ದರು. ಚೀಟಿ ಅಂಟಿಸುವವರು ಎಲ್ಲವನ್ನೂ ಓದುತ್ತಾರೆ ಎಂದು ನನಗೆ ಆವರೆಗೆ ಹೊಳೆದಿರಲಿಲ್ಲ. ನಾನು ತಲೆ ಬಗ್ಗಿಸಿ, ನೇರವಾಗಿ ಪೆನ್ನಿನಲ್ಲಿ ಎಂಬತ್ತೆಂಟು ಬರೆದೆ. ಅವತ್ತು ರಬ್ಬರ್ ಬೇಕಾಗಲಿಲ್ಲ.

ಆಮೇಲೆ ನಿವೃತ್ತನಾದೆ. ಶಾಲು, ಹಾರ, ಭಾಷಣ. ‘ನಿಷ್ಪಕ್ಷಪಾತಿ’ ಎಂದು ಬರೆದ ಫಲಕ ಕೊಟ್ಟರು. ಅದೀಗ ಅಟ್ಟದ ಮೇಲಿದೆ.

ಒಂದು ದಿನ ಬೆಳಿಗ್ಗೆ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ನಿಂತಿದ್ದಳು. ನಲವತ್ತು ದಾಟಿರಬಹುದು, ಹತ್ತಿಯ ಸೀರೆ, ಹೆಗಲಿಗೆ ಚೀಲ.

“ನಮಸ್ಕಾರ್ರಿ ಸರ್. ನಾನು ಹುಲಿಗೆಮ್ಮ ಅಂತ್ರಿ, ಹುಲಿಹೈದರದಾಕಿ. ಗಂಗಾವತಿ ಕಡೆ ಅತಿಥಿ ಉಪನ್ಯಾಸಕಿ ಇದ್ದೀನ್ರಿ. ನೀವು ನನ್ನ ಅರ್ಜಿ ನೋಡಿದ್ರಿ. ಹದಿನೇಳನೇ ನಂಬರ್ರಿ.”

ಕೂತುಕೊಳ್ಳಲು ಹೇಳಿದೆ. ಹೆಂಡತಿ ನೀರು ತಂದುಕೊಟ್ಟಳು. ಹುಲಿಗೆಮ್ಮ ಅವಸರವಿಲ್ಲದೆ ಎಲ್ಲ ಹೇಳಿದಳು. ಅವಳ ತಾಯಿ ಮೊದಲಿನಿಂದ ಕಾಲುವೆ ಸೀಮೆಗೆ ನಾಟಿಗೆ, ಕಳೆಗೆ ಹೋಗುತ್ತಿದ್ದವಳು. “ನಮ್ಮವ್ವ ಮನಿಗೆ ಬಂದು ಕಾಲು ಚಾಚಿ ಕುಂತ್ಲಂದ್ರ, ಇವತ್ತು ಯಾರ ಗದ್ದಿಗೆ ಹೋಗಿದ್ಲು ಅಂತ ನಾವು ಹಿಮ್ಮಡ ನೋಡಿ ಹೇಳ್ತಿದ್ವಿರಿ,” ಎಂದಳು. ಅರ್ಜಿ ಹುಟ್ಟಿದ್ದು ಅಲ್ಲಿ. ಆ ವರ್ಷವೇ ಅವಳ ವಯಸ್ಸಿನ ಮಿತಿಯ ಕೊನೆಯ ವರ್ಷ. ತಿರಸ್ಕೃತವಾದ ಮೇಲೆ ಮತ್ತೆ ಹಾಕುವ ಹಾಗಿರಲಿಲ್ಲ. ಆಮೇಲೆ ಪ್ರಾಧ್ಯಾಪಕರ ಯೋಜನೆ ಬಂತು. ಊರಿನ ಹೆಣ್ಣುಮಕ್ಕಳನ್ನು ಮಾತಾಡಿಸಲು ದಿನಗೂಲಿಗೆ ಒಬ್ಬರು ಬೇಕಾಗಿತ್ತು. ಅವಳನ್ನೇ ಕರೆದರು. ಯೋಜನೆ ಏನೆಂದು ಗೊತ್ತಿಲ್ಲದೆ ಹೋದಳು. ಮೊದಲ ದಿನ ಕೈಗೆ ಕೊಟ್ಟ ಪ್ರಶ್ನೆಗಳ ಹಾಳೆ ಓದಿದಾಗ ಗೊತ್ತಾಯಿತು.

“ನನ್ನ ಪ್ರಶ್ನೀನಽ ನನ್ನ ಕೈಯಾಗ ಕೊಟ್ಟು, ನಮ್ಮವ್ವನ್ನ ಕೇಳ್ಕೊಂಡು ಬಾ ಅಂದ್ರು ಸರ್,” ಎಂದಳು. ಅಳಲಿಲ್ಲ.

ಅವಳು ಸುಮ್ಮನೆ ಕೂಡಲಿಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಕಚೇರಿಗೆ ಹೋಗಿ ಮೂಲ ಕಡತವನ್ನೇ ತೆರೆಸಿ ನೋಡಿದ್ದಳು. ಮೌಲಾಸಾಬರು ಅಂಕಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರಂತೆ. ಐದರಲ್ಲಿ ಒಂದು ಪಟ್ಟಿಯಲ್ಲಿ, ನಲವತ್ತೊಂದರ ಅಡಿಯಲ್ಲಿ ಎಂಬತ್ತೆರಡು ಎಂದು ಕಾಗದಕ್ಕೆ ಒತ್ತು ಬಿದ್ದಿತ್ತು. ಸದಸ್ಯರ ಹೆಸರಿರಲಿಲ್ಲ, ಬರೀ ಸಂಕೇತ. ಮೌಲಾಸಾಬರು ನನ್ನ ಮನೆಯ ವಿಳಾಸವೊಂದನ್ನು ಮಾತ್ರ ಬರೆದುಕೊಟ್ಟಿದ್ದರಂತೆ. ಮೇಲ್ಮನವಿ ಹಾಕಿದ್ದಳು. ಮುಂದಿನ ಸೋಮವಾರ ವಿಚಾರಣೆ. ಮೊದಲು ಒಳ್ಳೆಯ ಅಂಕ ಕೊಟ್ಟು ಕಾರಣವಿಲ್ಲದೆ ಇಳಿಸಿದ್ದಾರೆ ಎಂದು ಆ ಸದಸ್ಯರೇ ಬರೆದುಕೊಟ್ಟರೆ, ವಯಸ್ಸಿನ ಮಿತಿ ಸಡಿಲಿಸಿ ಇನ್ನೊಂದು ಅವಕಾಶ ಸಿಗಬಹುದು, ಅರ್ಜಿ ಮೊದಲು ತನ್ನದೆಂದು ದಾಖಲೂ ಆಗುತ್ತದೆ.

ಚೀಲದಿಂದ ಮೊಬೈಲ್ ತೆಗೆದು, ಫೋಟೋ ದೊಡ್ಡದು ಮಾಡಿ ನನ್ನ ಮುಂದೆ ಹಿಡಿದಳು.

“ಸರ್, ಕೆಳಗಿನ ಅಂಕಿ ಯಾರ್ದ್ರಿ?”

ನನ್ನ ಎರಡರ ಬಾಲ ಮೇಲಕ್ಕೆ ತಿರುಗಿರುತ್ತದೆ. ಮೂವತ್ತು ಬ್ಯಾಚುಗಳ ಹುಡುಗರಿಗೆ ಗೊತ್ತು ಅದು. ಫೋಟೋದಲ್ಲೂ ಆ ಬಾಲ ಕಾಣುತ್ತಿತ್ತು. ಒಂದೇ ಒಂದು ಮಾತು ಹೇಳಬೇಕಿತ್ತು ನಾನು. ದೊಡ್ಡ ಸರ್ ಡ್ರಾಯರಿನಲ್ಲಿದ್ದ ಬಾವಿಗಳ ವರದಿ ನೆನಪಾಯಿತು, ‘ನಿಷ್ಪಕ್ಷಪಾತಿ’ ಫಲಕ ನೆನಪಾಯಿತು, ಪೇಪರಿನಲ್ಲಿ ಹೆಸರು ಬಂದರೆ ಬೀಗರು ಏನಂದಾರು ಎಂಬುದೂ ನೆನಪಾಯಿತು. ಕನ್ನಡಕ ತೆಗೆದು ಒರೆಸಿದೆ.

“ಭಾಳ ದಿನ ಆತವ್ವ. ನೆನಪಿಲ್ಲ,” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. “ಆತ್ರಿ ಸರ್,” ಎಂದಳು. ಲೋಟ ಎತ್ತಿ ಉಳಿದ ನೀರು ಕುಡಿದು, ಹೆಂಡತಿಗೆ “ಬರ್ತೀನ್ರಿ ಅಕ್ಕಾರ,” ಎಂದು ಹೇಳಿ ಹೋದಳು. ಅವಳು ಬೀದಿ ದಾಟುವವರೆಗೂ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಂದು, “ಎಂಬತ್ತೆರಡು ನಿಮ್ಮ ಕೈಬರಹ,” ಎಂದಳು. ಫೋಟೋ ಅವಳೂ ನೋಡಿದ್ದಳು.

ವಿಚಾರಣೆ ಸೋಮವಾರ ಇತ್ತು. ನಾನು ಬುಧವಾರ ಬರೆದೆ. ಸೋಮವಾರ ಕಳೆಯಲಿ ಎಂದು ಕಾದೆನೇ? ಹೌದು, ಕಾದೆ. ಸುಳ್ಳು ಹೇಳಿ ಏನು ಪ್ರಯೋಜನ. ಬುಧವಾರ ತಡೆಯಲಾಗದೆ ಕೂತು, ಪೆನ್ಸಿಲ್ಲಿನ ಅಂಕ ನನ್ನದು, ಇಳಿಸಿದ್ದು ನಾನು, ಅರ್ಜಿಯಲ್ಲಿ ದೋಷವಿರಲಿಲ್ಲ, ಎರಡು ವರ್ಷದ ನಂತರದ ಅರ್ಜಿ ಇದರದೇ ನಕಲು ಎಂದು ಎಲ್ಲ ಬರೆದು ಸಹಿ ಹಾಕಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಬಾವಿಗಳ ವಿಷಯವನ್ನೂ ಬರೆದೆ. ವಿಚಾರಣೆ ಇನ್ನೊಂದು ವಾಯಿದೆಗೆ ಮುಂದಕ್ಕೆ ಹೋಗಿದೆ, ನಿಮ್ಮ ಪತ್ರ ಕಡತಕ್ಕೆ ಸೇರಿದೆ ಎಂದು ಮೌಲಾಸಾಬರು ಫೋನಿನಲ್ಲಿ ಹೇಳಿದಾಗ ಚಿಕ್ಕ ಹುಡುಗನ ಹಾಗೆ ಅತ್ತುಬಿಟ್ಟೆ. ಇನ್ನೂ ಹೊತ್ತು ಮೀರಿಲ್ಲ ಅಂದುಕೊಂಡೆ.

ಆದೇಶ ಬಂದ ದಿನ ಹುಲಿಗೆಮ್ಮನೇ ಫೋನ್ ಮಾಡಿದಳು.

“ಸರ್, ನಿಮ್ಮ ಪತ್ರ ಓದಿದ್ರಂತ್ರಿ. ಆದ್ರ ಮೇಲ್ಮನವಿ ವಜಾ ಆಗೇತ್ರಿ.”

“ಯಾಕವ್ವ? ನಾನಽ ಒಪ್ಕೊಂಡೀನಲ್ಲ?”

“ನಕಲಿನ ಮಾತು ಈ ಮೇಲ್ಮನವಿಗೆ ಸಂಬಂಧ ಇಲ್ಲಂತ್ರಿ. ಅಂಕದ ಮಾತಿಗೆ ಒಂದು ನಿಯಮ ಐತಂತ್ರಿ. ಓದ್ತೀನಿ ಕೇಳ್ರಿ.” ಕಾಗದ ಸರಿಸಿದ ಸದ್ದಾಯಿತು. ಶಾಲೆಯ ಮಕ್ಕಳು ಪಾಠ ಓದುವ ಹಾಗೆ, ನಿಧಾನವಾಗಿ, ಒಂದಕ್ಷರ ಬಿಡದೆ ಓದಿದಳು: “ಚರ್ಚೆಗೆ ಮುನ್ನ ಸದಸ್ಯರು ಪೆನ್ಸಿಲ್ಲಿನಲ್ಲಿ ಮಾಡಿಕೊಂಡ ಯಾವುದೇ ಗುರುತು ಅವರ ಖಾಸಗಿ ಟಿಪ್ಪಣಿಯಾಗಿದ್ದು, ಅದನ್ನು ದಾಖಲೆಯ ಭಾಗವೆಂದು ಯಾವ ಸಂದರ್ಭದಲ್ಲಿಯೂ ಪರಿಗಣಿಸತಕ್ಕದ್ದಲ್ಲ.” ಆಮೇಲೆ, “ಯಾವ ಸಂದರ್ಭದಲ್ಲಿಯೂ ಅಂತ ಹಾಕಿಬಿಟ್ಟಾರ್ರಿ ಸರ್. ಅದೊಂದು ಮಾತು ಇರಲಿಲ್ಲಂದ್ರ ಏನರ ಮಾಡಬಹುದಿತ್ತು ಅಂದ್ರು ವಕೀಲ್ರು. ಯಾರು ಬರ್ದಾರ್ರಿ ಇದನ್ನ?”

ಈ ಸಲ ಕನ್ನಡಕ ಒರೆಸಲಿಲ್ಲ.

“ನಾನಽ ಬರ್ದಿದ್ದವ್ವ,” ಎಂದೆ.

ಆ ಕಡೆ ಅವಳ ಹಿಂದೆ ಎಲ್ಲೋ ಹೆಂಗಸರ ಮಾತು, ನೀರಿನ ಸದ್ದು ಕೇಳುತ್ತಿತ್ತು. ಗದ್ದೆಯ ಬದುವಿನ ಮೇಲೆ ನಿಂತು ಮಾತಾಡುತ್ತಿದ್ದಳೋ ಏನೋ.

“ಇದು ಮಾತ್ರ ನೆನಪೈತೇನ್ರಿ ಸರ್?” ಎಂದಳು. ಫೋನ್ ಇಟ್ಟಳು.

ಬಸವರಾಜ, ನಿಮ್ಮ ಕಾಲಕ್ಕೆ ಎಲ್ಲ ಕಂಪ್ಯೂಟರಿಗೆ ಬಂದಿದೆ, ಪೆನ್ಸಿಲ್ ಎಲ್ಲಿಯದು ಎಂದು ನೀನು ಅವತ್ತು ನಕ್ಕಿರಬೇಕು. ಅಂಕ ತುಂಬುವ ಪುಟದ ಕೆಳಗೆ ‘ಕರಡಾಗಿ ಉಳಿಸಿ’ ಎಂಬ ಗುಂಡಿ ಇರುತ್ತದಂತೆ, ಮೌಲಾಸಾಬರ ಜಾಗಕ್ಕೆ ಬಂದವರು ಹೇಳಿದರು. ಕರಡು ಉಳಿಸಿದ ಮೇಲೆ, ಸಲ್ಲಿಸುವ ಮೊದಲು, ನಿನಗೊಂದು ಫೋನ್ ಬರುತ್ತದೆ. ಬಹಳ ಮೃದುವಾಗಿ ಮಾತಾಡುತ್ತಾರೆ. ನನ್ನ ಆ ನಿಯಮ ಈಗಲೂ ಜಾರಿಯಲ್ಲಿದೆ. ಪೆನ್ಸಿಲ್ ಎಂದಿದ್ದ ಕಡೆ ಕರಡು ಎಂದು ತಿದ್ದಿದ್ದಾರಂತೆ. ಉಳಿದ ಮಾತೆಲ್ಲ ನನ್ನದೇ.